ಹತ್ತು ದಿನದ ಮೇಷ್ಟ್ರು

ಎಂಬತ್ತರ ದಶಕದ ಬೆಂಗಳೂರಿನ ಆರ್.ಟಿ. ನಗರದಲ್ಲಿ, ಕಾರಿಲ್ಲದ ಒಂದು ಕಾರ್ ಶೆಡ್ಡಿನಲ್ಲಿ, ಒಬ್ಬ ಮೇಷ್ಟ್ರು ನಮ್ಮನ್ನು ಎ, ಬಿ, ಸಿ, ಡಿಗಳಲ್ಲಿ ಒಂದನ್ನು ಗುರುತಿಸುವ ಎಂಬಿಎ ಪ್ರವೇಶ ಪರೀಕ್ಷೆಗೆ ಹತ್ತೇ ದಿನದಲ್ಲಿ ತಯಾರು ಮಾಡುತ್ತಿದ್ದರು. ಬೋರ್ಡಿನ ಮೇಲೆ ಅವರ ಒಂದು ಲೆಕ್ಕವೂ ಮುಗಿದದ್ದಿಲ್ಲ. ನಡುವೆ ಸಿಕ್ಕಿಕೊಂಡರೆ ಅಂಗೈಯಿಂದ ಒರೆಸಿ, ಆ ಕೈಯನ್ನು ಪ್ಯಾಂಟಿಗೆ ಉಜ್ಜಿಕೊಂಡು, "ಉತ್ತರ ಬರ್ಲಿಲ್ವಾ? ಸಿ ಹಾಕು ಗುರು, ಮುಂದಕ್ಕೆ ಹೋಗು" ಎನ್ನುತ್ತಿದ್ದರು. ಪೆದ್ದುಮುಂಡೇವು ನಾವು, ಅದನ್ನೂ ನೋಟ್ಸಿನಲ್ಲಿ ಬರೆದುಕೊಂಡೆವು.

ಪರೀಕ್ಷೆಯ ದಿನ ನನ್ನ ಮುಂದಿನ ಬೆಂಚಿನವನು ಅಂಗೈಯನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದ. ನೋಡಿದರೆ ನಮ್ಮ ಮೇಷ್ಟ್ರೇ, ಹಾಲ್ ಟಿಕೆಟ್ ಸಮೇತ! ಅರ್ಧ ಗಂಟೆಯಾಗುವಷ್ಟರಲ್ಲಿ ಬೆವರುತ್ತಾ ಹಿಂದೆ ತಿರುಗಿದರು.

"ಹನ್ನೆರಡನೇದಕ್ಕೆ ಏನ್ ಹಾಕ್ದೆ, ಹೇಳೋ."

"ಸಿ ಹಾಕಿ ಸಾರ್," ಎಂದೆ, "ಮುಂದಕ್ಕೆ ಹೋಗಿ."