ಮುಡಿಯಲ, ಸಾರ್

ನಮ್ಮ ಮನೆಯಲ್ಲಿ ಆಟ ಆಡುವ ಯಂತ್ರಗಳು ನಲವತ್ತೊಂದು ಇವೆ, ಆಡಲು ಬರುವವರು ಯಾರೂ ಇಲ್ಲ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನನಗಂತೂ ಬರುವುದೇ ಇಲ್ಲ. ಎರಡನೆಯ ಹಂತ ತಲುಪುವಷ್ಟರಲ್ಲಿ ನನ್ನ ಪಾಲಿನ ಮೂರು ಪ್ರಾಣಗಳೂ ಹಾರಿಹೋಗಿರುತ್ತವೆ. ಆದರೂ ಮದರಾಸಿನ ವೆಸ್ಟ್ ಮಾಂಬಲಂನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ, ದೇವರ ಗೂಡಿನ ಪಕ್ಕದಲ್ಲೇ, ಗಾಜಿನ ಬಾಗಿಲಿನ ಬೀರುವೊಂದು ನಿಂತಿದೆ. ಅದಕ್ಕೆ ನಲವತ್ತೆರಡು ಖಾನೆ. ಟಿವಿಗೆ ಸಿಕ್ಕಿಸುವ ಹಳೆಯ ಗೇಮ್ ಪೆಟ್ಟಿಗೆಗಳು, ಅಂಗೈಯಲ್ಲಿ ಹಿಡಿದು ಆಡುವ ಪುಟಾಣಿಗಳು, ಎಲ್ಲವೂ ಹುಟ್ಟಿದ ಕಾಲದ ಕ್ರಮದಲ್ಲಿ ಕೂತಿವೆ. ಬಂದವರು ನೋಡಿ, ಇದೆಲ್ಲ ಯಾಕೆ ಎಂದು ಕೇಳುತ್ತಾರೆ. ಹನ್ನೊಂದು ವರ್ಷದಿಂದ ನಾನೂ ಅದಕ್ಕೊಂದು ಉತ್ತರ ಹುಡುಕುತ್ತಿದ್ದೇನೆ. ನನ್ನ ಮಗಳು ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರಿಸುವ ಪೀಳಿಗೆಯವಳು. ಇದೆಲ್ಲ ಫೋನಿನಲ್ಲೇ ಇದೆಯಲ್ಲಪ್ಪಾ ಎಂದು ತಮಿಳಿನಲ್ಲೇ ಹೇಳಿ ತನ್ನ ಪಾಡಿಗೆ ಹೋದಳು.

ನನಗೆ ಹೊಳೆಯುವ ಕಾರಣ ಒಂದೇ. ಮಂಡ್ಯದಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಟಿವಿ ಗೇಮ್ ಇತ್ತು. ಅದಕ್ಕೆ ಎರಡು ರಿಮೋಟು. ಮೊದಲನೆಯದು ದೊಡ್ಡಪ್ಪನ ಮಗ ರವಿಯಣ್ಣನದು, ಎರಡನೆಯದು ಕಿರಿಯವನಾದ ನನ್ನದು. ಮೊದಲನೆಯದರ ನಡುವೆ 'ಸ್ಟಾರ್ಟ್' ಎಂಬ ಗುಂಡಿ ಇತ್ತು. ಎರಡನೆಯದರಲ್ಲಿ ಆ ಜಾಗ ಬೋಳು. ಯಾವ ಪುಣ್ಯಾತ್ಮ ಹಾಗೆ ಮಾಡಿದನೋ, ಕಿರಿಯರಿಗೆ ಶುರು ಮಾಡುವ ಅಧಿಕಾರ ಬೇಡವೆಂದು ಅವನಿಗೆ ಅನ್ನಿಸಿರಬೇಕು. ರವಿಯಣ್ಣ ಊಟ ಮಾಡಿ, ಕೈ ತೊಳೆದು, ಮನಸ್ಸು ಬಂದಾಗ ಆ ಗುಂಡಿ ಒತ್ತುವವರೆಗೆ ನಾನು ಬೋಳು ರಿಮೋಟು ಹಿಡಿದು ಚಾಪೆಯ ಮೇಲೆ ಕಾಯುತ್ತಿದ್ದೆ. ಶುರು ಮಾಡುವ ಗುಂಡಿ ಸಿಗದವನಿಗೆ ಈಗ ನಿಲ್ಲಿಸುವ ಗುಂಡಿಯೂ ಸಿಗುತ್ತಿಲ್ಲ ಎಂಬುದು ನನ್ನ ಹೆಂಡತಿ ಪದ್ಮಜಾಳ ವಿಶ್ಲೇಷಣೆ. ಅವಳ ವಿಶ್ಲೇಷಣೆಗಳಿಗೆ ನಾನು ಸಾಮಾನ್ಯವಾಗಿ ಎದುರಾಡುವುದಿಲ್ಲ.

ಸಂಗ್ರಹ ಮಾಡುವುದು ಕಷ್ಟವಲ್ಲ. ಅದನ್ನು ಪೂರ್ಣ ಮಾಡುತ್ತೇನೆ ಎಂದು ಹೊರಟಾಗ ತಲೆ ಕೆಡುತ್ತದೆ. ಪೂರ್ಣ ಅಂದರೆ ಎಷ್ಟು? ಒಂದೇ ಯಂತ್ರ ಜಪಾನಿನಲ್ಲಿ ಬಿಳಿ-ಕೆಂಪು ಬಣ್ಣದಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋದಾಗ ಬೂದು ಬಣ್ಣದ ಡಬ್ಬಿಯಾಯಿತು. ಒಳಗಿನ ಜೀವ ಒಂದೇ, ದೇಹ ಬೇರೆ. ಇವು ಒಂದೋ ಎರಡೋ? ಅದೇ ಯಂತ್ರ ಮುಂದೆ ತೆಳ್ಳಗಾಗಿ ಮತ್ತೆ ಬಂದರೆ ಅದು ಪುನರ್ಜನ್ಮವೋ, ಮಗುವೋ? ಇಂಥವನ್ನು ಚರ್ಚಿಸಲೆಂದೇ ಅಂತರ್ಜಾಲದಲ್ಲಿ ನಮ್ಮಂಥವರದೊಂದು ಗುಂಪಿದೆ. ಅಲ್ಲಿ ನಡೆಯುವ ವಾದ ಕೇಳಿದರೆ ಹಳೆಯ ಕಾಲದ ವಿದ್ವತ್ಸಭೆಗಳೂ ನಾಚಬೇಕು. ಎಲ್ಲವೂ ಒಂದೇ ಎನ್ನುವ ಅದ್ವೈತಿಗಳು ಅಲ್ಲಿದ್ದಾರೆ. ಯಂತ್ರ ಒಂದೇ, ಬಣ್ಣಗಳು ಅದರ ವಿಶೇಷಣ ಎನ್ನುವ ವಿಶಿಷ್ಟಾದ್ವೈತಿಗಳೂ ಇದ್ದಾರೆ.

ನಾನು ಗೊಂದಲ ತಾಳಲಾರದೆ ಮನೆಯಲ್ಲೇ ಇದ್ದ ಪಂಡಿತರನ್ನು ಕೇಳಿದೆ. ಪಂಡಿತರೆಂದರೆ ನಮ್ಮ ಮಾವನವರು. ಅವರದು ಮೂರು ತಲೆಮಾರಿನಿಂದ ಮದರಾಸಿನಲ್ಲಿ ನೆಲೆಸಿದ ವೈಷ್ಣವ ಮನೆತನ. ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು, ಸಿದ್ಧಾಂತ ಮಾತ್ರ ಕಲಬೆರಕೆಯಿಲ್ಲದ ದ್ವೈತ. ರಾಯಪುರಂ ಕಡೆ ಹಾರ್ಬರಿನ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು, ಈಗ ನಮ್ಮ ಜೊತೆ ಇದ್ದಾರೆ. ಎರಡೂ ಡಬ್ಬಿಗಳನ್ನು ಕೈಯಲ್ಲಿ ತೂಗಿ ನೋಡಿ, "ಜಡಕ್ಕೂ ಜಡಕ್ಕೂ ಭೇದ ಉಂಟು ಮಾಪಿಳ್ಳೆ. ಶಾಸ್ತ್ರವೇ ಹೇಳತ್ತೆ" ಎಂದರು. ಅಳಿಯನಿಗೆ ಅವರು ಮಾಪಿಳ್ಳೆ ಎಂದೇ ಅನ್ನುವುದು. ಅವರ ಆ ಒಂದು ವಾಕ್ಯದಿಂದ ನನ್ನ ಪಟ್ಟಿ ಇಪ್ಪತ್ತೆಂಟರಿಂದ ನಲವತ್ತೆರಡಕ್ಕೆ ಏರಿತು.

ಇನ್ನೊಂದು ಆಘಾತವೂ ಕಾದಿತ್ತು. ರವಿಯಣ್ಣನ ಟಿವಿ ಗೇಮಿನಂಥದೇ ಒಂದನ್ನು ಹುಡುಕಿ ತಂದು ಫೋಟೋ ಹಾಕಿದರೆ, ಗುಂಪಿನ ಹಿರಿಯರು ಅದು ನಕಲಿ, ಯಾವುದೋ ಹೆಸರಿಲ್ಲದ ಕಾರ್ಖಾನೆಯ ಕಳ್ಳಮಾಲು, ಪಟ್ಟಿಗೆ ಸೇರುವುದಿಲ್ಲ ಎಂದುಬಿಟ್ಟರು. ನನ್ನ ಬಾಲ್ಯ ಪೂರ್ತಿ ನಕಲಿ ಎಂದು ನನಗೆ ಗೊತ್ತಾದದ್ದು ಹೀಗೆ. ಅದನ್ನು ಒಳಗಿಟ್ಟರೆ ಸಂಗ್ರಹಕ್ಕೆ ಮೈಲಿಗೆ, ಹೊರಗಿಟ್ಟರೆ ಸಂಗ್ರಹವೇ ಯಾಕೆ? ಸದ್ಯಕ್ಕೆ ಬೀರುವಿನ ನೆತ್ತಿಯ ಮೇಲೆ ಇಟ್ಟಿದ್ದೇನೆ. ದಿನಾ ಧೂಳು ಒರೆಸುವುದು ಮಾತ್ರ ಅದನ್ನೇ.

ಹೀಗೆ ನಲವತ್ತೊಂದು ತುಂಬಿ ಒಂದು ಖಾನೆ ಉಳಿಯಿತು. ಅಲ್ಲಿಗೆ ಬೇಕಾಗಿದ್ದದ್ದು ಪುಸ್ತಕದ ಹಾಗೆ ಮಡಚುವ, ಎರಡು ಪರದೆಯ ಒಂದು ಪುಟ್ಟ ಯಂತ್ರ. ಮೇಲಿನ ಪರದೆಯಿಂದ ಗಂಟುಗಳು ಉದುರುತ್ತವೆ, ಕೆಳಗಿನ ಪರದೆಯಲ್ಲಿ ಕಡ್ಡಿಯಂಥ ಮನುಷ್ಯ ಅತ್ತಿಂದಿತ್ತ ಓಡಿ ಹಿಡಿಯಬೇಕು. ದೇಶವೆಲ್ಲ ಹುಡುಕಿದೆ. ಆಮೇಲೆ ಒಂದು ಭಾನುವಾರ ಪದ್ಮಜಾ ತನ್ನ ಸ್ಟೀಲ್ ಬೀರುವಿನಿಂದ, ರೇಷ್ಮೆ ಸೀರೆಗಳ ಅಡಿಯಿಂದ, ಒಂದು ಬಟ್ಟೆಯ ಗಂಟು ತೆಗೆದು ನನ್ನ ಮುಂದಿಟ್ಟಳು. ಬಿಚ್ಚಿದರೆ ಅದೇ. ಹಾರ್ಬರಿಗೆ ಬಂದ ಯಾರೋ ನಾವಿಕನಿಂದ ಮಾವನವರು ಮಗಳಿಗೆಂದು ತಂದದ್ದಂತೆ.

ಹದಿನಾರು ವರ್ಷ ಸಂಸಾರ ಮಾಡಿದ ಮೇಲೆ ಅವಳು ಆ ಕಥೆ ಹೇಳಿದಳು. ಹತ್ತು ವರ್ಷದವಳಿದ್ದಾಗ ಮಾಂಬಲಂ ಸ್ಟೇಷನ್ನಿನಲ್ಲಿ ಅಪ್ಪನ ಕೈ ಹಿಡಿದು ಓಡುವಾಗ ಅದು ಮೆಟ್ಟಿಲ ಮೇಲೆ ಬಿತ್ತು. ಮತ್ತೆ ಹತ್ತಿಕೊಳ್ಳಲಿಲ್ಲ. ಮಾವನವರು ಎತ್ತಿ ನೋಡಿ, ಮನೆಗೆ ತಂದು, ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. "ಅಪ್ಪ ತಿಟ್ಟಲೇ ಇಲ್ಲ ರೀ. ತಿಟ್ಟಿದ್ರೆ ಅವತ್ತೇ ಮರ್ತಿರ್ತಿದ್ದೆ" ಎಂದಳು. ತಿಟ್ಟುವುದು ಅಂದರೆ ಬೈಯುವುದು. ಅವಳ ಕನ್ನಡದಲ್ಲಿ ಬೈಗುಳದ ಇಲಾಖೆ ಪೂರ್ತಿ ತಮಿಳಿನ ವಶದಲ್ಲಿದೆ. ಅಪ್ಪ ಅಷ್ಟು ಆಸೆಯಿಂದ ತಂದದ್ದನ್ನು ತಾನು ಮುರಿದೆ ಎಂಬ ಮುಳ್ಳು ಅವಳ ಮನಸ್ಸಿನಲ್ಲಿ ಅಷ್ಟು ವರ್ಷವೂ ಉಳಿದಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಇನ್ನೆರಡು ತಿಂಗಳಿಗೆ ಮಾವನವರಿಗೆ ಎಂಬತ್ತು ತುಂಬುವುದಿತ್ತು. ಅಷ್ಟರೊಳಗೆ ಅದು ಓಡುವ ಹಾಗೆ ಮಾಡಿ ಅಪ್ಪನ ಕೈಯಲ್ಲಿಡಬೇಕು, ಆಮೇಲೆ ಬೇಕಾದರೆ ನಿಮ್ಮ ಖಾನೆಗೆ ಎಂದಳು.

ಸ್ಟೇಷನ್ನಿನ ಹತ್ತಿರದ ಸಂದಿಯೊಂದರಲ್ಲಿ ಏಕಾಂಬರಂ ಎಂಬವರ ವಾಚ್ ರಿಪೇರಿ ಅಂಗಡಿ ಇದೆ. ಈ ಯಂತ್ರಕ್ಕೆ ಹಾಕುವುದು ವಾಚಿನ ಸೆಲ್ಲೇ ಆದ್ದರಿಂದ ಅವರೇ ಸರಿ ಎಂದು ಕೊಟ್ಟು ಬಂದೆ. ಮುಂದಿನ ವಾರ ಹೋದಾಗ ಅವರು ಎರಡೂ ಕೈ ಚೆಲ್ಲಿ, "ಮುಡಿಯಲ ಸಾರ್" ಎಂದರು.

ಇಲ್ಲಿ ನನ್ನ ತಮಿಳಿನ ಬಗ್ಗೆ ಎರಡು ಮಾತು ಹೇಳಬೇಕು. ಈ ಊರಿಗೆ ಬಂದ ಹೊಸದರಲ್ಲಿ 'ಮುಡಿ' ಎಂದು ಕೇಳಿದರೆ ನನಗೆ ನಮ್ಮ ಕನ್ನಡದ ಮುಡಿಯೇ ಕಣ್ಣಿಗೆ ಬರುತ್ತಿತ್ತು, ಅದಕ್ಕೊಂದು ಮೊಳ ಮಲ್ಲಿಗೆಯ ಸಮೇತ. ಆಫೀಸಿನಲ್ಲಿ ಊಟ 'ಮುಡಿಂಜುದಾ' ಎಂದು ಕೇಳಿದಾಗ ಗಾಬರಿಯಾಗಿದ್ದೆ. ಆಮೇಲೆ ಯಾರೋ, ಅವರ ಮುಡಿ ಅಂದರೆ ನಮ್ಮ ಮುಗಿ ಎಂದು ಹೇಳಿಕೊಟ್ಟರು. ಮುಡಿಂಜುದು, ಮುಗಿಯಿತು. ಮುಡಿಯಲ, ಮುಗಿದಿಲ್ಲ. ಎಷ್ಟು ಸುಲಭ! ಅಲ್ಪವಿದ್ಯೆ ಮಹಾಗರ್ವಿ ಎನ್ನುವಂತೆ ಅಂದಿನಿಂದ ನಾನು ತಮಿಳು ಬಲ್ಲವನಾಗಿಬಿಟ್ಟೆ.

ಆದ್ದರಿಂದ ಏಕಾಂಬರಂ ಹಾಗಂದಾಗ, ಪಾಪ, ಇನ್ನೂ ಮುಗಿದಿಲ್ಲವಂತೆ ಎಂದುಕೊಂಡು, ಪರವಾಯಿಲ್ಲ, ಅಡುತ್ತ ವಾರಂ ವರೇನ್, ಮುಂದಿನ ವಾರ ಬರುತ್ತೇನೆ ಎಂದೆ. ಅವರು ನನ್ನನ್ನು ಒಂದು ಥರಾ ನೋಡಿದರು. ಯಂತ್ರವನ್ನು ತೆಗೆದು ನನ್ನ ಕಡೆಗೆ ಸರಿಸಿದರು. ಎಲ್ಲಿಯವರೆಗೆ ಬಂದಿದೆ ಎಂದು ತೋರಿಸುತ್ತಿದ್ದಾರೆಂದು ಭಾವಿಸಿ, ಮೆಚ್ಚುಗೆಯಿಂದ ನೋಡಿ, ಮೆಲ್ಲನೆ ಅವರ ಕಡೆಗೇ ತಳ್ಳಿದೆ. ಮೂರನೆಯ ವಾರವೂ ಅದೇ ಮಾತು. ಕೆಲಸದ ಒತ್ತಡ ಇರಬೇಕೆಂದು ಮನೆಯಿಂದ ಚಕ್ಕುಲಿ ಕಟ್ಟಿಸಿಕೊಂಡು ಹೋಗಿ ಕೊಟ್ಟೆ. ಅವರು ಚಕ್ಕುಲಿಯನ್ನೂ ನನ್ನನ್ನೂ ಬಹಳ ಹೊತ್ತು ನೋಡಿದರು. ನಾಲ್ಕನೆಯ ವಾರ ಎದೆಯ ಮೇಲೆ ಕೈಯಿಟ್ಟು, "ನಿಜಮಾ ಮುಡಿಯಲ ಸಾರ್" ಎಂದರು. ನಿಜವಾಗಿಯೂ ಮುಗಿದಿಲ್ಲ ಎನ್ನುತ್ತಿದ್ದಾರೆ, ನಾನೇನು ಸುಳ್ಳು ಎಂದೆನೇ? ಭುಜ ತಟ್ಟಿ ಬಂದೆ. ಆರನೆಯ ವಾರದ ಹೊತ್ತಿಗೆ ನಾನು ಸಂದಿಯ ತುದಿಯಲ್ಲಿ ಕಾಣುತ್ತಿದ್ದ ಹಾಗೆ ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸುತ್ತಿದ್ದರು.

ಏಳನೆಯ ವಾರ ಪದ್ಮಜಾ ತಾನೂ ಬರುತ್ತೇನೆಂದು ಹೊರಟಳು. ಅವಳ ಅಪ್ಪಟ ಮಾಂಬಲಂ ತಮಿಳು ಕಿವಿಗೆ ಬಿದ್ದದ್ದೇ ತಡ, ಏಕಾಂಬರಂ ಕಟ್ಟೆಯೊಡೆದ ಹಾಗೆ ಮಾತಾಡತೊಡಗಿದರು. ನನಗೆ ಅಲ್ಲೊಂದು ಇಲ್ಲೊಂದು ಪದ ಹತ್ತಿತು. ಪದ್ಮಜಾಳ ಮುಖ ನಗುವೋ ಅಳುವೋ ತಿಳಿಯದ ಹಾಗಾಯಿತು.

"ರೀ, ಮುಡಿಯಲ ಅಂದ್ರೆ ಏನು ಅಂದ್ಕೊಂಡಿದೀರಿ?"

"ಇನ್ನೂ ಮುಗಿದಿಲ್ಲ ಅಂತ."

"ನನ್ನ ಕೈಲಿ ಆಗಲ್ಲ, ತೊಗೊಂಡು ಹೋಗಿ ಅಂತ ರೀ ಅವರು ಎರಡನೇ ವಾರದಿಂದ ಸೊಲ್ತಾ ಇರೋದು."

ತಮಿಳಿನಲ್ಲಿ ಮುಗಿಯುವುದಕ್ಕೂ ಕೈಲಾಗುವುದಕ್ಕೂ ಒಂದೇ ಪದವಂತೆ. ಇದೆಂಥ ಭಾಷೆ ಎಂದು ಬಾಯಿಗೆ ಬಂತು. ಅಷ್ಟರಲ್ಲಿ ನಮ್ಮದೇ 'ಆಗಲಿಲ್ಲ' ನೆನಪಾಗಿ ಬಾಯಿ ಮುಚ್ಚಿದೆ. ಅಡುಗೆ ಆಗಲಿಲ್ಲವೇ ಎಂದರೆ ಅದಿನ್ನೂ ಒಲೆಯ ಮೇಲಿದೆ, ನನ್ನ ಕೈಲಿ ಆಗಲಿಲ್ಲ ಎಂದರೆ ಒಲೆ ಆರಿಯೇ ಹೋಗಿದೆ. ಮಂಡ್ಯಕ್ಕೆ ಬಂದ ತಮಿಳರು ಇದರಿಂದ ಎಷ್ಟು ಒದ್ದಾಡಿರಬೇಕೋ.

ಏಕಾಂಬರಂ ಹೇಳಿದ್ದನ್ನು ಪದ್ಮಜಾ ಕನ್ನಡಕ್ಕೆ ತಂದಳು. ಆಗುವುದಿಲ್ಲ ಎಂದರೆ ಗಿರಾಕಿಗಳು ಬೈಯುತ್ತಾರೆ, ಇಲ್ಲವೇ ಬೇರೆ ಅಂಗಡಿಗೆ ಹೋಗುತ್ತಾರೆ. ಪರವಾಗಿಲ್ಲ, ಮುಂದಿನ ವಾರ ಬರುತ್ತೇನೆ ಎಂದವರನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ. ಇವರು ದೊಡ್ಡ ಮನಸ್ಸಿನವರೋ, ತಲೆ ಸ್ವಲ್ಪ ಹೀಗೋ ಎಂದು ಅವರಿಗೂ ಗೊಂದಲ. ಎರಡರಲ್ಲಿ ಯಾವುದಾದರೂ ಬಿಡುಗಡೆಗೆ ಒಂದೇ ದಾರಿ ಎಂದು ಪ್ರತಿ ವಾರವೂ ಮತ್ತೆ ಬಿಚ್ಚಿ ಕೂತರಂತೆ. ಇಷ್ಟು ಹೇಳಿ ಅವರು ಡ್ರಾಯರ್ ಎಳೆದರು. ಯಂತ್ರವನ್ನು ತೆಗೆದು, ಮಡಿಕೆ ಬಿಡಿಸಿ, ಪದ್ಮಜಾಳ ಅಂಗೈಯಲ್ಲಿಟ್ಟು, "ಮುಡಿಂಜಿರುಚ್ಚು ಮಾ" ಎಂದರು. ಅದು ಒಮ್ಮೆ 'ಕೀಂ' ಎಂದಿತು. ಕಡ್ಡಿಮನುಷ್ಯ ಓಡಲು ಶುರು ಮಾಡಿದ.

ಬಿದ್ದದ್ದರಿಂದ ಆಗಿದ್ದು ಅಲ್ಪ, ಸೆಲ್ಲು ಹಿಡಿಯುವ ತಗಡು ಒಂದಿಷ್ಟು ಬಾಗಿತ್ತು, ಅಷ್ಟೇ. ಅವತ್ತೇ ಉಗುರಿನಲ್ಲಿ ಮೀಟಿ ನೇರ ಮಾಡಿದ್ದರೆ ಸಂಜೆಗೇ ಆಡಬಹುದಿತ್ತು. ಒಳಗೇ ಉಳಿದ ಸೆಲ್ಲು ಅಷ್ಟು ವರ್ಷ ಬಟ್ಟೆಯ ಗಂಟಿನಲ್ಲಿ ಸೋರಿ, ಕಿಲುಬು ಹತ್ತಿ, ವಿದ್ಯುತ್ ಹರಿಯುವ ಒಳಗಿನ ತಾಮ್ರದ ಗೆರೆಗಳನ್ನೆಲ್ಲ ತಿಂದುಹಾಕಿತ್ತು. ಏಕಾಂಬರಂ ಕೂದಲೆಳೆಯಂಥ ತಂತಿಯಿಂದ ಒಂದೊಂದನ್ನೇ ಮತ್ತೆ ಜೋಡಿಸಿದ್ದರು. ಪದ್ಮಜಾ ಎರಡು ಸಲ ಕೇಳಿ ಖಚಿತ ಮಾಡಿಕೊಂಡಳು: ಕೆಟ್ಟದ್ದು ತನ್ನ ಕೈಯಿಂದ ಜಾರಿದ್ದಕ್ಕಲ್ಲ, ಜೋಪಾನ ಮಾಡಿದ್ದಕ್ಕೆ. ಮನೆಯವರೆಗೂ ಅವಳು ಅದನ್ನು ಅಂಗೈಯಲ್ಲೇ ಹಿಡಿದುಕೊಂಡು ಬಂದಳು. ನಾನು ಮಾತ್ರ ನನ್ನ ಗಾಜಿನ ಬೀರುವನ್ನು ನೆನೆಸಿಕೊಂಡು, ನಲವತ್ತೊಂದರಲ್ಲಿ ಎಷ್ಟರ ಸೆಲ್ಲು ತೆಗೆದಿದ್ದೇನೆ ಎಂದು ಲೆಕ್ಕ ಹಾಕುತ್ತ ಬೆವರಿದೆ.

ಎಂಬತ್ತು ತುಂಬುವ ದಿನಕ್ಕೆ ಕಾಯುವ ತಾಳ್ಮೆ ಅವಳಿಗೆ ಉಳಿದಿರಲಿಲ್ಲ. ಅವತ್ತೇ ಮಾವನವರ ಕೈಯಲ್ಲಿ ಅದನ್ನಿಟ್ಟು, ಮೆಟ್ಟಿಲಲ್ಲಿ ಬೀಳಿಸಿದ್ದು, ಅವರು ಬೈಯದೆ ಇದ್ದದ್ದು, ಎಲ್ಲವನ್ನೂ ಹೇಳಿದಳು. ಮಾವನವರು ಕನ್ನಡಕ ಸರಿ ಮಾಡಿಕೊಂಡು ಯೋಚಿಸಿದರು.

"ತಿಟ್ಟಲಿಲ್ಲವಾ ನಾನು? ಮರ್ತಿರ್ಬೇಕಮ್ಮಾ."

ಪದ್ಮಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಮಾವನವರು ಆಗಲೇ ಆಟದಲ್ಲಿದ್ದರು. ಹತ್ತು ಗಂಟಿನಲ್ಲಿ ಮೂರು ನೆಲಕ್ಕೆ ಬಿದ್ದು ಆಟ ಮುಗಿದಾಗ, ಹಾರ್ಬರಿನಲ್ಲೂ ಲೆಕ್ಕ ಹೀಗೇ ಇತ್ತು ಎಂದು ಸಮಾಧಾನ ಹೇಳಿಕೊಂಡು, ಮತ್ತೆ ಶುರು ಮಾಡುವ ಗುಂಡಿ ಯಾವುದೆಂದು ನನ್ನನ್ನು ಕೇಳಿದರು. ನಾನು ತೋರಿಸಿಕೊಟ್ಟೆ. ಆ ಗುಂಡಿಯ ಮೇಲೆ ಬೆರಳಿಟ್ಟಾಗ ನನಗೆ ಯಾಕೋ ಬಹಳ ಖುಷಿಯಾಯಿತು.

ಈಗ ಅದು ಅವರ ಜುಬ್ಬದ ಜೇಬಿನಲ್ಲಿರುತ್ತದೆ. ಸಂಧ್ಯಾವಂದನೆಯ ಹೊತ್ತು ಬಿಟ್ಟರೆ ಮಿಕ್ಕೆಲ್ಲ ಹೊತ್ತೂ 'ಕೀಂ' ಕೇಳುತ್ತದೆ. ಎರಡು ಸಲ ಕೆಳಗೆ ಬಿದ್ದಿದೆ, ತಗಡನ್ನು ಅವರೇ ಉಗುರಿನಿಂದ ನೆಟ್ಟಗೆ ಮಾಡಿಕೊಂಡಿದ್ದಾರೆ. ಅದನ್ನು ಖಾನೆಗೆ ಕೊಡಿ ಎಂದು ಕೇಳುವ ಧೈರ್ಯ ನನಗಿಲ್ಲ. ಮೊನ್ನೆ ಬೀರುವಿನ ಗಾಜು ಒರೆಸುತ್ತಿದ್ದಾಗ ಪದ್ಮಜಾ ಹಿಂದೆ ಬಂದು ನಿಂತು, ಖಾಲಿ ಖಾನೆಯನ್ನು ನೋಡಿ, ಅಂತೂ ನಿಮ್ಮ ಕಲೆಕ್ಷನ್ ಮುಗಿತಾ ಎಂದು ಕೇಳಿದಳು.

"ಮುಡಿಯಲ" ಎಂದೆ.

ಯಾವ ಅರ್ಥದಲ್ಲಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ನನಗೆ ಗೊತ್ತಿರಲಿಲ್ಲ.