ಹಲಗೆಗೊಂದು ಕೌದಿ

ರಾಂಜಣಗಾಂವದ ಕಾರ್ಖಾನೆಯಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡದ ನನ್ನ ಗಂಡ, ರಜೆಯ ದಿನ ಮೀನು ಹಿಡಿಯಲು ಅಣೆಕಟ್ಟಿನ ಹಿನ್ನೀರಿಗೆ ಹೋದರೆ ಲೈಫ್ ಜಾಕೆಟ್ಟನ್ನು ಮಡಚಿ ಅದರ ಮೇಲೇ ಕೂರುತ್ತಿದ್ದರು.

“ಚಳಿಗಾಲದಾಗ ದೋಣಿ ಹಲಗಿ ಭಾಳ ತಣ್ಣಗಿರ್ತದ. ನನಗ ಈಜು ಬರ್ತದಲ್ಲ,” ಎನ್ನುತ್ತಿದ್ದರು.

ಆ ನೀರಿಗೆ ಬಿದ್ದರೆ ಕೈಕಾಲೇ ಮರಗಟ್ಟುತ್ತವೆ, ಈಜು ಬಂದು ಏನು ಪ್ರಯೋಜನ? ಜಗಳವಾಡಿ ನನಗೆ ಸಾಕಾಯಿತು. ಅವರು ಮರಳುವ ದಾರಿ ಕಾಯುತ್ತ ಮನೆಯಲ್ಲಿ ನನ್ನ ಚಹಾ ಲೋಟದಲ್ಲೇ ಆರಿಹೋಗುತ್ತಿತ್ತು. ಕೊನೆಗೆ ಅತ್ತೆ ತಮ್ಮ ಹಳೆಯ ಸೀರೆಗಳನ್ನು ಸೇರಿಸಿ, ಹಲಗೆಯ ಅಳತೆಗೆ ದಪ್ಪನೆಯ ಕೌದಿ ಹೊಲಿದರು.

“ಕುಂಡಿಗೆ ಇದು, ಎದಿಗೆ ಅದು. ತಿಳೀತಿಲ್ಲೋ?” ಎಂದು ಮಗನ ಕೈಗಿಟ್ಟರು.

ಈ ಚಳಿಗಾಲ ನಾನೂ ಜೊತೆಗೆ ಹೋಗಿ ದಡದಲ್ಲಿ ಕೂತೆ. ಮಂಜಿನಲ್ಲಿ ದೋಣಿಯೇ ಕಾಣುತ್ತಿರಲಿಲ್ಲ. ಕಿತ್ತಳೆ ಬಣ್ಣದ ಜಾಕೆಟ್ ಮಾತ್ರ ಎದ್ದು ಕಾಣುತ್ತಿತ್ತು. ಮೊದಲ ಸಲ ನನ್ನ ಚಹಾ ಆರುವ ಮೊದಲೇ ಕುಡಿದೆ.