ಮುಕ್ಕಾಲು ಗೇಣು ಕೆಸರು, ನಾಲ್ಕು ಅಗಲ ಟೈರು

೧೯೮೨ರಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ತಿರುಗುವ ರಸ್ತೆಯ ಬಾಯಲ್ಲೇ ನಮ್ಮ ಟೈರ್ ಅಂಗಡಿ ಇತ್ತು. ಪಂಕ್ಚರ್ ಹಾಕುವುದು, ಸವೆದ ಟೈರಿಗೆ ಹೊಸ ರಬ್ಬರ್ ಕೂರಿಸುವುದು, ಹಳೆಯದು ಹೊಸದು ಮಾರುವುದು, ಇಷ್ಟೇ ಕೆಲಸ. ಅಂಗಡಿ ಇಟ್ಟವರು ನನ್ನ ಗಂಡ. ಅವರ ಸೊಂಟ ಹೋಗಿ ಹಾಸಿಗೆ ಹಿಡಿದ ಮೇಲೆ ಲಿವರ್, ಸುತ್ತಿಗೆ ನನ್ನ ಕೈಗೆ ಬಂದವು. ನಾನು ಓದಿದ್ದು ಮೂರನೇ ಕ್ಲಾಸು. ಟೈರಿನ ಮೇಲಿನ ಅಂಕಿ ಓದಲು ಅಷ್ಟು ಸಾಕು. ಆದರೂ ಇಸ್ತ್ರಿ ಪ್ಯಾಂಟು ಹಾಕಿಕೊಂಡು ಬಂದ ಪ್ರತಿಯೊಬ್ಬನೂ "ಗಂಡಸ್ರು ಯಾರೂ ಇಲ್ವಾ?" ಎಂದೇ ಮಾತು ಶುರು ಮಾಡುತ್ತಿದ್ದ. "ಅವ್ರೆ, ಒಳಗೆ ಮಲಗವ್ರೆ. ಎಬ್ಬಿಸ್ಲಾ?" ಎನ್ನುತ್ತಿದ್ದೆ.

ಹತ್ತಿರದ ಕಾರ್ಖಾನೆಯೊಂದಕ್ಕೆ ಮಾದನಾಯಕನಹಳ್ಳಿಯ ಆಚೆ ಹೊಸ ಜಾಗ ಸಿಕ್ಕಿತ್ತು. ಅಲ್ಲಿ ಶೆಡ್ ಕಟ್ಟುತ್ತಿದ್ದರು. ಹೆದ್ದಾರಿ ಬಿಟ್ಟು ಎರಡು ಮೈಲಿ ಒಳಗೆ, ಕೆರೆಯ ಹಿನ್ನೀರಿನ ಅಂಚಿನಲ್ಲೇ ದಾರಿ. ಮಳೆಗಾಲದಲ್ಲಿ ಎತ್ತಿನಗಾಡಿಯೂ ಯೋಚನೆ ಮಾಡಿ ಇಳಿಯುವ ಜಾಗ. ಅಲ್ಲಿಗೆ ದಿನವೂ ಜೀಪ್ ಓಡಿಸುತ್ತಿದ್ದವನು ಚಿಕ್ಕಣ್ಣ. ಬಾಗಲಗುಂಟೆಯವನು, ಮೂರು ವರ್ಷದಿಂದ ಟೆಂಪರರಿ ಡ್ರೈವರ್. ಅವನನ್ನು ಕಾಯಂ ಮಾಡುವ ಕಾಗದ ಮ್ಯಾನೇಜರ್ ಸಹಿಗೆ ಕಾದಿತ್ತು. ಅಷ್ಟರಲ್ಲಿ ಜೀಪು ಎರಡು ಸಲ ಹೂತುಕೊಂಡಿತು. "ಮೂರನೇ ಸಲ ಹೂತರೆ ಕಾಗದವೂ ಇಲ್ಲ, ಕೆಲಸವೂ ಇಲ್ಲ" ಎಂದು ಮ್ಯಾನೇಜರ್ ಹೇಳಿಬಿಟ್ಟರು.

ಜೀಪಿಗೆ ಹೊಸ ಟೈರು ಮತ್ತು ವಿಂಚ್ ಹಾಕಿಸಬೇಕೆಂದು ತೀರ್ಮಾನವಾಯಿತು. ವಿಂಚ್ ಎಂದರೆ ಸಿಕ್ಕಿಕೊಂಡ ಗಾಡಿಯನ್ನು ಉಕ್ಕಿನ ಹಗ್ಗದಿಂದ ಎಳೆಯುವ ಯಂತ್ರ. ಇದನ್ನೆಲ್ಲ ಆರಿಸುವ ಜವಾಬ್ದಾರಿ ಕಾರ್ಖಾನೆಗೆ ಸಾಮಾನು ಕೊಳ್ಳುವ ಪರ್ಚೇಸ್ ಸಾಹೇಬರದು. ಅವರು ಬಣ್ಣದ ಚಿತ್ರಗಳ ಪುಸ್ತಕವೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಅಂಗಡಿಗೆ ಬಂದರು. ಚಿಕ್ಕಣ್ಣ ಅವರ ಹಿಂದೆ ಕೈಕಟ್ಟಿ ನಿಂತಿದ್ದ. ಅವನನ್ನು ಅವರು ಒಂದು ಮಾತೂ ಕೇಳಲಿಲ್ಲ.

"ಈ ಥರ ಅಗಲ ಟೈರ್ ಬೇಕಮ್ಮ. ಅಗಲ ಇದ್ದಷ್ಟೂ ಗ್ರಿಪ್ ಜಾಸ್ತಿ" ಎಂದರು.

"ದಾರಿ ನೋಡ್ದೆ ಟೈರ್ ಹೇಳಾಕಾಗಲ್ಲ ಸಾರ್" ಎಂದೆ. ಅವರು ನಕ್ಕರು. ಅವರು ನಕ್ಕದ್ದರಿಂದಲೇ ಮರುದಿನ ಅಂಗಡಿ ಮುಚ್ಚಿ, ಬಸ್ಸು ಹತ್ತಿ, ಕೈಯಲ್ಲಿ ಸಲಾಕೆ ಹಿಡಿದು ಆ ದಾರಿಗೆ ಹೋದೆ. ಹತ್ತು ಹೆಜ್ಜೆಗೊಮ್ಮೆ ಸಲಾಕೆ ಚುಚ್ಚಿ ನೋಡಿದೆ. ದಾರಿಯ ನಡುವೆ ಎಲ್ಲ ಕಡೆಯೂ ಮುಕ್ಕಾಲು ಗೇಣು ಕೆಸರು, ಅದರ ಕೆಳಗೆ ಕಲ್ಲಿನಂಥ ಗರಸು. ಪಕ್ಕದ ಚರಂಡಿಯಲ್ಲಿ ಮಾತ್ರ ಸಲಾಕೆ ಮೊಣಕಾಲುದ್ದ ಇಳಿಯಿತು. ಇಂಥ ನೆಲಕ್ಕೆ ದಪ್ಪ ಹಲ್ಲಿನ, ಕಿರಿದಾದ ಟೈರು ಬೇಕು. ಅದು ಕೆಸರನ್ನು ಸೀಳಿ ಕೆಳಗಿನ ಗರಸನ್ನು ಕಚ್ಚುತ್ತದೆ. ಅಗಲ ಟೈರು ಕೆಸರಿನ ಮೇಲೆ ತೇಲಿ ಪಕ್ಕಕ್ಕೆ ಜಾರುತ್ತದೆ. ಆಳವಾದ ಮರಳಿಗೆ ಅಗಲ ಟೈರು ಸರಿ. ಕೆರೆ ಅಂಚಿಗೆ ಮರಳುಗಾಡಿನ ಟೈರು ತರುವವನಿಗೆ ಏನು ಹೇಳುವುದು?

ಹೇಳಿದೆ. ಕೇಳಲಿಲ್ಲ. ಸಿಟಿಯಿಂದ ನಾಲ್ಕು ಅಗಲ ಟೈರು ತಂದರು, ಬಾಂಬೆಯಿಂದ ಬ್ಯಾಟರಿಯಲ್ಲಿ ನಡೆಯುವ ವಿಂಚ್ ತರಿಸಿದರು. ಟೈರು ಕೂರಿಸಲು ಮಾತ್ರ ನನ್ನ ಹತ್ತಿರವೇ ಬಂದರು. ಕೂರಿಸಿ ಸ್ಟಿಯರಿಂಗ್ ತಿರುಗಿಸಿ ನೋಡಿದರೆ ಮುಂದಿನ ಟೈರು ಸ್ಪ್ರಿಂಗ್ ಪಟ್ಟೆಗೆ ತಾಗಿ ಅರ್ಧಕ್ಕೇ ನಿಂತಿತು.

"ಉಜ್ಜುತ್ತದೆ ಸಾರ್, ಪೂರ್ತಿ ತಿರುಗಾಕಿಲ್ಲ" ಎಂದ ಚಿಕ್ಕಣ್ಣ.

"ಹಾಗಾದ್ರೆ ಪೂರ್ತಿ ತಿರುಗಿಸ್ಬೇಡ" ಎಂದರು ಸಾಹೇಬರು.

ಇಷ್ಟು ವರ್ಷದಲ್ಲಿ ನಾನು ಬಹಳ ದಡ್ಡರನ್ನು ಕಂಡಿದ್ದೇನೆ. ಸ್ಟಿಯರಿಂಗ್ ಅರ್ಧ ಮಾತ್ರ ತಿರುಗಿಸು ಎಂದವರು ಇವರೊಬ್ಬರೇ.

ಎರಡು ವಾರ ಕಳೆದಿರಬೇಕು. ರಾತ್ರಿ ಜೋರು ಮಳೆ ಬಂದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಚಿಕ್ಕಣ್ಣ ಲಾರಿಯೊಂದರಿಂದ ಧುಮುಕಿ ಓಡಿ ಬಂದ. ಎದೆಯವರೆಗೆ ಕೆಸರು.

"ಅಕ್ಕಾ, ಮುಗೀತು ನನ್ ಕತೆ. ಜೀಪು ಪಕ್ಕಕ್ಕೆ ಜಾರ್ತು. ತಿರುಗಿಸ್ತೀನಿ ಅಂದ್ರೆ ಸ್ಟಿಯರಿಂಗೇ ತಿರುಗ್ಲಿಲ್ಲ. ಚರಂಡಿಗೆ ಬಿತ್ತು. ನಾಕು ಗಂಟೆಗೆ ಮ್ಯಾನೇಜರ್ ಬರ್ತಾರೆ."

"ಸಾಹೇಬ್ರು ಎಲ್ಲಿ?"

"ಜೀಪಲ್ಲೇ ಕೂತವ್ರೆ. ಇಳಿದ್ರೆ ಬೂಟು ಹಾಳಾಗ್ತದಂತೆ."

ನನ್ನ ಹತ್ತಿರ ಕಲ್ಲು ಕ್ವಾರಿಯವರಿಂದ ಕೊಂಡ ಹಳೆಯ ಕೈ ವಿಂಚ್ ಇತ್ತು. ಅದಕ್ಕೆ ಬ್ಯಾಟರಿ ಬೇಡ. ಲಿವರನ್ನು ಹಿಂದೆ ಮುಂದೆ ಆಡಿಸಿದರೆ ಹಗ್ಗವನ್ನು ಬೆರಳಷ್ಟು ಬೆರಳಷ್ಟೇ ಎಳೆಯುತ್ತದೆ, ಎಳೆದದ್ದನ್ನು ಬಿಡುವುದಿಲ್ಲ. ಅದನ್ನೂ ಸರಪಳಿ, ಗುದ್ದಲಿ, ಗೋಣಿಚೀಲಗಳನ್ನೂ ಟೆಂಪೋಗೆ ಹಾಕಿಸಿ ಹೊರಟೆವು.

ಅಲ್ಲಿ ಕಂಡದ್ದನ್ನು ಈಗಲೂ ನೆನೆದು ನಗುತ್ತೇನೆ. ಸಾಹೇಬರು ಬಾಂಬೆ ವಿಂಚಿನ ಹಗ್ಗವನ್ನು ಮುಂದಿದ್ದ ತೊಡೆ ಗಾತ್ರದ ನೀಲಗಿರಿ ಮರಕ್ಕೆ ಕಟ್ಟಿಸಿ ಎಳೆಸಿದ್ದರು. ನೆನೆದ ನೆಲ. ಮರ ಬೇರುಸಮೇತ ಕಿತ್ತು ಜೀಪಿನ ಮೂತಿಗೆ ಬಂದು ನಿಂತಿತ್ತು. ಎಂಜಿನ್ ನಿಂತುಹೋಗಿತ್ತು, ಬ್ಯಾಟರಿ ಖಾಲಿ. ಬಿಗಿದ ಹಗ್ಗ ಸಡಿಲಿಸಲೂ ಕರೆಂಟು ಇಲ್ಲ.

"ಜೀಪು ಮರದ ತಾವ ಹೋಗ್ಬೇಕಿತ್ತಲ್ವಾ ಸಾರ್? ಮರನೇ ಜೀಪಿನ ತಾವ ಬಂದದೆ!" ಎಂದೆ.

"ತಮಾಷೆ ಸಾಕಮ್ಮ. ಹಿಂದೆ ಕಟ್ಟೋಕೆ ಮರ ಇಲ್ಲ, ಏನ್ ಮಾಡ್ತೀಯ?"

ನಮ್ಮಪ್ಪ ಗಾಡಿ ಹೊಡೆಯುತ್ತಿದ್ದ ಕಾಲದಲ್ಲಿ ಮರವಿಲ್ಲದ ಕಡೆ ಗಾಡಿ ಹೂತರೆ ದಿಮ್ಮಿಯೊಂದನ್ನು ಅಡ್ಡಲಾಗಿ ನೆಲದಲ್ಲಿ ಹೂಳಿ ಅದಕ್ಕೆ ಹಗ್ಗ ಕಟ್ಟುತ್ತಿದ್ದರು. ನಾನು ಜೀಪಿನ ಬೆನ್ನಿಗಿದ್ದ ಸ್ಟೆಪ್ನಿ ಚಕ್ರ ಬಿಚ್ಚಿಸಿದೆ. ಹಿಂದಿನ ಗಟ್ಟಿ ನೆಲದಲ್ಲಿ ಚಿಕ್ಕಣ್ಣ ಸೊಂಟದಾಳದ ಗುಂಡಿ ತೋಡಿದ. ಚಕ್ರದ ನಡುವಿಂದ ಸರಪಳಿ ಪೋಣಿಸಿ, ಚಕ್ರವನ್ನು ಜೀಪಿಗೆ ಎದುರಾಗಿ ನಿಲ್ಲಿಸಿ ಹೂತು, ಮಣ್ಣು ತುಳಿದು ಬಿಗಿ ಮಾಡಿದೆವು. ಸರಪಳಿಗೆ ಕೈ ವಿಂಚ್ ಹಾಕಿ, ಅದರ ಹಗ್ಗವನ್ನು ಜೀಪಿನ ಹಿಂಬದಿಗೆ ಸಿಕ್ಕಿಸಿದೆ. ಹಗ್ಗ ತುಂಡಾದರೆ ಹಾವಿನಂತೆ ಹಾರಿ ಹೊಡೆಯುತ್ತದೆ. ಅದಕ್ಕೇ ಅದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ.

"ಇಳೀರಿ ಸಾರ್. ನಿಮ್ಮ ಭಾರಾನೂ ಎಳೀಬೇಕಾ?"

ಬೂಟು ಕೈಯಲ್ಲಿ ಹಿಡಿದು ಇಳಿದರು. ನಾನೂ ಚಿಕ್ಕಣ್ಣನೂ ಸರದಿಯಲ್ಲಿ ಲಿವರ್ ಆಡಿಸಿದೆವು. ಮೊದಲ ಕಾಲು ಗಂಟೆ ಜೀಪು ಅಲುಗಲೇ ಇಲ್ಲ. "ಆಗಲ್ಲ ಬಿಡಕ್ಕ" ಎಂದು ಚಿಕ್ಕಣ್ಣ ಕುಳಿತುಬಿಟ್ಟ. "ಎದ್ದೇಳೋ. ಅಳಾದಾದ್ರೆ ಮನೆಗೋಗಿ ಅಳು, ಇಲ್ಲಿ ಲಿವರ್ ಹಿಡಿ" ಎಂದು ಬೈದೆ. ಆಮೇಲೆ ಕೆಸರು 'ಪಚ್' ಎಂದು ಬಾಯಿ ಬಿಟ್ಟಿತು. ಮೂರೂಮುಕ್ಕಾಲಿಗೆ ಜೀಪು ಹಿಮ್ಮುಖವಾಗಿ ಗಟ್ಟಿ ದಾರಿಗೆ ಬಂತು. ಅದರ ಮುಂದೆ ಹಗ್ಗ ಹಾಕಿದ ಕರುವಿನಂತೆ ನೀಲಗಿರಿ ಮರವೂ ತೆವಳಿಕೊಂಡು ಬಂತು.

ಮ್ಯಾನೇಜರ್ ಹೆದ್ದಾರಿಯಲ್ಲಿ ಕಾರು ಬಿಟ್ಟು ನಡೆದು ಬಂದದ್ದೇ ತಡ, ಸಾಹೇಬರು ಶುರು ಮಾಡಿದರು. "ಡ್ರೈವರ್ ಅಜಾಗರೂಕತೆ ಸಾರ್. ಹೊಸ ವಿಂಚ್ ಇದ್ದಿದ್ದಕ್ಕೆ ಬಚಾವಾಯ್ತು."

ಮ್ಯಾನೇಜರ್ ಜೀಪಿನ ಮುಂದಕ್ಕೆ ಹೋಗಿ ನಿಂತರು.

"ಇದೇನ್ರೀ ಮರ?"

"ಅದು... ಆಂಕರ್ ಸಾರ್. ವಿಂಚ್ ಹಗ್ಗ ಕಟ್ಟೋಕೆ."

"ಆಂಕರ್ ರಸ್ತೆಗೇ ಬಂದ್ಬಿಟ್ಟಿದೆಯಲ್ರೀ!"

ನಾನು ಬಾಯಿ ಹಾಕಿದೆ. "ಸಾರ್, ಈ ಟೈರು ಆರಿಸಿದ್ದು ಡ್ರೈವರ್ ಅಲ್ಲ. ನೀವೇ ಕೂತು ಒಂದ್ಸಲ ಸ್ಟಿಯರಿಂಗ್ ತಿರುಗಿಸಿ ನೋಡಿ."

ಕೂತರು, ತಿರುಗಿಸಿದರು. ಅರ್ಧಕ್ಕೆ ನಿಂತಿತು. ಇಳಿದು ಬಗ್ಗಿ, ಪಟ್ಟೆಗೆ ಒತ್ತಿಕೊಂಡ ಟೈರನ್ನು ನೋಡಿದರು. ಚಿಕ್ಕಣ್ಣನ ಕಡೆ ತಿರುಗಿ, "ಮೊದ್ಲೇ ಯಾಕೆ ಹೇಳ್ಲಿಲ್ಲ?" ಎಂದರು.

"ಹೇಳ್ದೆ ಸಾರ್. ಟೆಂಪರರಿ ಮಾತು ಯಾರು ಕೇಳ್ತಾರೆ?"

ವಾರದೊಳಗೆ ಚಿಕ್ಕಣ್ಣನ ಕಾಗದಕ್ಕೆ ಸಹಿ ಬಿತ್ತು. ಜೀಪಿಗೆ ನನ್ನ ಅಂಗಡಿಯಿಂದ ದಪ್ಪ ಹಲ್ಲಿನ ನಾಲ್ಕು ಕಿರಿದಾದ ಟೈರು ಹೋದವು. ಆ ಶೆಡ್ ಮುಗಿಯುವವರೆಗೂ ಅದು ಇನ್ನೊಮ್ಮೆ ಹೂತಿದ್ದನ್ನು ನಾನು ಕೇಳಲಿಲ್ಲ. ಪರ್ಚೇಸ್ ಸಾಹೇಬರಿಗೆ ಏನೂ ಆಗಲಿಲ್ಲ. ಅಂಥವರಿಗೆ ಏನೂ ಆಗುವುದಿಲ್ಲ.

ಟೈರು ಆರಿಸುವುದು ನನಗೆ ಮೊದಲೇ ಗೊತ್ತಿತ್ತು. ಅವತ್ತು ಕಲಿತದ್ದು, ಕೆಸರಿಗೆ ಇಳಿಯುವವನ ಬಾಯಿ ಕಟ್ಟಿ ಮಾಡಿದ ಖರೀದಿ ಕೆಸರಿನಲ್ಲೇ ಮುಗಿಯುತ್ತದೆ ಎಂಬುದನ್ನು. ತಪ್ಪು ಟೈರು ಎಂದು ಗೊತ್ತಿದ್ದೂ ನಾನೇ ಕೂರಿಸಿ ಕಳಿಸಿದ್ದೆನಲ್ಲ, ಅದು ನನ್ನ ಪಾಲಿನ ತಪ್ಪು. ಅಲ್ಲಿಂದ ಮುಂದೆ ಸಾಹೇಬರು ಒಬ್ಬರೇ ಬಂದರೆ ನಾನು ಟೈರಿಗೆ ಕೈ ಹಾಕುತ್ತಿರಲಿಲ್ಲ. ಡ್ರೈವರನ್ನು ಕರೆತನ್ನಿ, ಅವನು ಹೇಳಲಿ ಎನ್ನುತ್ತಿದ್ದೆ. ಎಷ್ಟೋ ಜನ ಸಿಟ್ಟಾಗಿ ಎದುರಿನ ಅಂಗಡಿಗೆ ಹೋದರು. ಒಬ್ಬರಂತೂ "ಡ್ರೈವರ್‌ಗೆ ಏನ್ ಗೊತ್ತಿರುತ್ತಮ್ಮ?" ಎಂದು ನನ್ನನ್ನೇ ಕೇಳಿದರು.

"ಅಂಗಾದ್ರೆ ಗಾಡಿ ನೀವೇ ಓಡ್ಸಿ ಸಾರ್" ಎಂದು ಹೇಳಿ, ಮುಂದಿನ ಪಂಕ್ಚರ್ ಬಿಚ್ಚಲು ಕೂತೆ.